ಇಲ್ಲದ ಕಾರಿಗೆ ಜಾಗ

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಖಾಲಿ ಸೈಟಿನ ಮೇಲೆ ಸುಣ್ಣದ ಪುಡಿ ಉದುರಿಸಿ ಮನೆಯ ಗೆರೆ ಎಳೆದುಕೊಟ್ಟ. ಇದು ಹಾಲ್, ಇದು ಅಡುಗೆಮನೆ, ಇದು ಅಜ್ಜಮ್ಮನ ರೂಮು.

"ಇವತ್ತೊಂದು ದಿನ ಒಳಗೆಲ್ಲ ಓಡಾಡಿ ನೋಡಿ. ಏನು ಬದಲಾಯಿಸೋದಿದ್ರೂ ಇವತ್ತೇ ಹೇಳ್ಬಿಡಿ. ನಾಳೆ ಪಾಯ ಅಗೆದ ಮೇಲೆ ಜಪ್ಪಯ್ಯ ಅಂದ್ರೂ ಗೋಡೆ ಅಲ್ಲಾಡಲ್ಲ," ಅಂದು ಮರದ ನೆರಳಿಗೆ ಹೋಗಿ ಕೂತ.

ಬರೀ ಗೆರೆ, ನಿಜ. ಆದರೆ ಅತ್ತೆ ಕಾಲಿಟ್ಟ ಐದೇ ನಿಮಿಷಕ್ಕೆ ಅದು ಪೂರ್ತಿ ಮನೆಯಾಗಿಬಿಟ್ಟಿತು. ತಮ್ಮ ರೂಮಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತವರು, ಮಗ ಗೆರೆ ದಾಟಿ ನೇರ ಬಂದದ್ದು ಕಂಡು ಸಿಡುಕಿದರು.

"ಏನೋ ಇದು, ಗೋಡೆ ತೂರ್ಕೊಂಡು ಬರ್ತೀಯಲ್ಲ! ಬಾಗಿಲು ಅಂತ ಒಂದು ಬಿಟ್ಟಿಲ್ವಾ ಅಲ್ಲಿ?"

ಐವತ್ತು ದಾಟಿದ ಮಗ ಹಿಂದಕ್ಕೆ ಹೋಗಿ, ಸುತ್ತು ಹಾಕಿಕೊಂಡು ಬಾಗಿಲಿನಿಂದ ಬಂದ.

ಸೊಸೆಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಅವಳ ಕಣ್ಣು ಮೆಟ್ಟಿಲ ಕೆಳಗಿನ ಮೂಲೆಯ ಮೇಲಿತ್ತು. ಹದಿನೆಂಟು ವರ್ಷದಿಂದ ಬಾಡಿಗೆ ಮನೆಯ ಬಚ್ಚಲ ಪಕ್ಕದ ಇಕ್ಕಟ್ಟಿನಲ್ಲಿ, ಹಗಲಲ್ಲೂ ದೀಪ ಹಾಕಿಕೊಂಡು ಊರವರ ಬಟ್ಟೆ ಹೊಲಿದವಳು ಅವಳು. ಸ್ವಂತ ಮನೆ ಅಂದಾಗಲೆಲ್ಲ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಒಂದು ಕಿಟಕಿ, ಅದರ ಮುಂದೆ ತನ್ನ ಮಷೀನು. ನಕ್ಷೆಯಲ್ಲಿ ಮಷೀನಿಗೆ ಸಿಕ್ಕಿದ್ದು ಮೆಟ್ಟಿಲಡಿ. ಬೆಳಕು ಧಾರಾಳವಾಗಿ ಬೀಳುವ ಮುಂಭಾಗವನ್ನೆಲ್ಲ ಗಂಡ ಕಾರ್ ಶೆಡ್ಡಿಗೆ ಬರೆದುಕೊಟ್ಟಿದ್ದ.

ಕಾರೆಲ್ಲಿ ಅಂತ ಮಾತ್ರ ಕೇಳಬಾರದು. ಮನೆಯಲ್ಲಿದ್ದದ್ದು ಹಳೇ ಸೈಕಲ್ಲು. ಇಪ್ಪತ್ತಾರು ವರ್ಷ ಯಾರದೋ ಕಾರು ಓಡಿಸಿ, ಸಂಜೆ ಅದನ್ನು ಯಾರದೋ ಶೆಡ್ಡಿನಲ್ಲಿ ನಿಲ್ಲಿಸಿ ಬರುವ ಡ್ರೈವರು ಅವನು.

"ಬಾ ಇಲ್ಲಿ, ಹೇಗೆ ಒಳಗೆ ಬರುತ್ತೆ ತೋರಿಸ್ತೀನಿ," ಅಂದ ಗಂಡ ರಸ್ತೆಗೆ ಹೋದ. ಇಲ್ಲದ ಸ್ಟೀರಿಂಗ್ ಹಿಡಿದು, ಹೆಗಲ ಮೇಲಿಂದ ಹಿಂದೆ ನೋಡುತ್ತ, ಬಾಯಲ್ಲೇ ಹಾರ್ನ್ ಹೊಡೆಯುತ್ತ ಹಿಮ್ಮುಖವಾಗಿ ನಡೆದು ಬಂದ. ಮೇಸ್ತ್ರಿಗೂ ಹುರುಪು ಬಂತು. "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ... ಸಾಕು ಸಾಕು!"

ಕಾರು ನಿಂತಿತು. ಗಂಡ ಕಾರಿನ ಬಾಗಿಲು ತೆರೆಯಹೋಗಿ ತಡೆದು ನಿಂತ. "ಥೂ, ಮೆಟ್ಟಿಲ ಗೋಡೆ ತಾಗುತ್ತೆ. ಇಳಿಯೋಕಾಗಲ್ಲ."

"ಹಾಗಾದ್ರೆ ಅಲ್ಲೇ ಕೂತಿರು," ಅಂದರು ಅತ್ತೆ ತಮ್ಮ ರೂಮಿನಿಂದಲೇ. "ಊಟ ಅಲ್ಲಿಗೇ ಕಳಿಸ್ತೀನಿ."

"ಮೇಸ್ತ್ರಿ, ಮೆಟ್ಟಿಲನ್ನ ಎರಡಡಿ ಒಳಕ್ಕೆ ತಳ್ಳಿಬಿಡಿ."

ಎರಡಡಿ ಒಳಕ್ಕೆ ಹೋದರೆ ಮಷೀನಿಗಿದ್ದ ಮೆಟ್ಟಿಲಡಿಯೂ ಹೋಯಿತು. ಮೇಸ್ತ್ರಿ ಸುಣ್ಣದ ಡಬ್ಬ ಎತ್ತಿಕೊಂಡ. ಅವಳಿಗೆ ಎಲ್ಲಿತ್ತೋ ಸಿಟ್ಟು, ಒಂದು ಕುರ್ಚಿ ಎಳೆದುಕೊಂಡು ಹೋಗಿ ಆ ಮೂಲೆಯಲ್ಲಿ ಕುಕ್ಕರಿಸಿದಳು. ಕತ್ತು ಬಗ್ಗಿಸಿ, ಕಾಲಲ್ಲಿ ಗಾಳಿಯನ್ನೇ ತುಳಿಯತೊಡಗಿದಳು.

"ಏನೇ ಇದು?"

"ಹೊಲೀತಿದ್ದೀನಿ. ತಲೆ ಎತ್ತಿದ್ರೆ ಮೆಟ್ಟಿಲು ಹೊಡೆಯುತ್ತೆ."

"ಒಳ್ಳೇ ಬಲ್ಬ್ ಹಾಕಿಸ್ಕೊಡ್ತೀನಲ್ಲ."

"ಇಷ್ಟು ವರ್ಷ ಬಲ್ಬೇ ಅಲ್ವೇನ್ರೀ? ನಿಮ್ಮ ಕಪ್ಪು ಪ್ಯಾಂಟಿಗೆ ನೀಲಿ ದಾರ ಹಾಕಿ ಕಳಿಸಿದ್ನಲ್ಲ, ಬೇಕಂತ ಹಾಕಿದ್ದು ಅಂದ್ಕೊಂಡ್ರಾ? ನನಗೂ ಹಗಲ ಬೆಳಕಲ್ಲಿ ಹೊಲೀಬೇಕು ಅಂತ ಆಸೆ ಇದೆ. ಬಾಯಿ ಬಿಡಲಿಲ್ಲ, ನನ್ನ ತಪ್ಪು. ಈಗ ಬಿಡ್ತಿದ್ದೀನಿ."

ಮೇಸ್ತ್ರಿ ಸುಣ್ಣದ ಡಬ್ಬದೊಳಗೆ ಏನೋ ಹುಡುಕುವವನಂತೆ ಬಗ್ಗಿದ. ಗಂಡನ ಕೈಗಳು ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ. ಹಾಗೆ ನಿಂತವನನ್ನು ನೋಡಿ ಅವಳು ತುಳಿಯುವುದನ್ನು ನಿಲ್ಲಿಸಿದಳು. ಪಾಪ, ತನ್ನದು ಅಂತ ಏನನ್ನೂ ಎಲ್ಲೂ ನಿಲ್ಲಿಸಿದವನಲ್ಲ. 'ಇರಲಿ ಬಿಡಿ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

ಅಷ್ಟರಲ್ಲಿ ಗಂಡ ಬಾಯಲ್ಲಿ ಗುರ್ರ್ ಅನ್ನಿಸಿ, ಗೇರ್ ಹಾಕಿ, ನಿಧಾನವಾಗಿ ಮುಂದಕ್ಕೆ ಹೊರಟ.

"ಊಟದ ಹೊತ್ತಲ್ಲಿ ಎಲ್ಲಿಗೋ?" ಅಂದರು ಅತ್ತೆ.

"ಹೊರಗೆ ನಿಲ್ಲಿಸಿ ಬರ್ತೀನಿ ಕಣಮ್ಮ. ಇಲ್ಲಿ ಅವಳು ಕೂತ್ಕೋಬೇಕು."

ರಸ್ತೆಬದಿಗೆ ನಿಲ್ಲಿಸಿ, ಬಾಗಿಲು ತೆರೆದು ಇಳಿದು, ಮತ್ತೆ ಹುಷಾರಾಗಿ ಹಾಕಿದ. ವಾಪಸ್ ಬಂದವನು ಶೆಡ್ಡಿನ ಜಾಗದಲ್ಲಿ ನಿಂತು, ಹೆಂಡತಿಯ ಮುಖ ನೋಡದೆ ಮೇಸ್ತ್ರಿಗೆ ಹೇಳಿದ. "ಇಲ್ಲೊಂದು ಕಿಟಕಿ ಗುರುತು ಹಾಕಿ. ದೊಡ್ಡದಿರ್ಲಿ."

ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೇ ಬಂದವು.

"ರೀ," ಅಂದಳು, "ಲಾಕ್ ಮಾಡಿದ್ರಾ?"

ಗಂಡ ಜೇಬು ಮುಟ್ಟಿ ನೋಡಿಕೊಂಡ. ಮರೆತಿದ್ದೆ ಅನ್ನುತ್ತ ರಸ್ತೆಗೆ ಓಡಿದ.