ಇಂಟರ್‌ವಲ್ಲಿನ ಸೇತುವೆ

ನದಿ ದಂಡೆಯ ಒಂದು ಊರಿನಲ್ಲಿ ಜನ ಯಜಮಾನರ ಮುಖ ನೋಡಿಕೊಂಡು ನಗುತ್ತಿದ್ದರು, ಅವರ ಮುಖ ನೋಡಿಕೊಂಡೇ ಸುಮ್ಮನಾಗುತ್ತಿದ್ದರು. ಆ ಊರಿನಲ್ಲಿ ನಾಗವೇಣಿ ಎಂಬಾಕೆ ಒಂದು ಸಿನಿಮಾ ತೆಗೆದಳು. ಸಂಕಲನ ವಾಮನಪ್ಪನದು.

ಸಿನಿಮಾದಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು ಔಷಧಿಯ ಬಳ್ಳಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಅರ್ಧ ದಾರಿಯವರೆಗೆ ಅವನು ಎದೆಯುಬ್ಬಿಸಿಕೊಂಡು ಮುಂದೆ, ಅವಳು ಹಿಂದೆ. ಇಂಟರ್‌ವಲ್ಲಿಗೆ ಸರಿಯಾಗಿ ಹಗ್ಗದ ಸೇತುವೆ ಹರಿಯತೊಡಗುತ್ತದೆ. ಅವನು ಅವಳ ಕೈ ಬಿಟ್ಟು ಓಡುತ್ತಾನೆ, ಕಾಲು ಸಿಕ್ಕಿಕೊಂಡು ಜೋತುಬೀಳುತ್ತಾನೆ. ಅವಳೇ ಬಂದು ಅವನನ್ನು ಮೇಲೆಳೆಯುತ್ತಾಳೆ. ಅಲ್ಲಿಂದಾಚೆ ಅವಳು ಮುಂದೆ, ಅವನು ಹಿಂದೆ. ನಿಜವಾದ ಪ್ರೀತಿ ಶುರುವಾಗುವುದೂ ಅಲ್ಲಿಂದಲೇ.

ಬಿಡುಗಡೆಗೆ ಮುಂಚೆ ಯಜಮಾನರು ನೋಡಿದರು. ಹಿಂದೊಮ್ಮೆ ನೆರೆ ಬಂದಾಗ ಹೆಂಡತಿಯನ್ನು ದಡದಲ್ಲೇ ಬಿಟ್ಟು ದೋಣಿ ಹತ್ತಿದವರು ಅವರು. ಆಕೆ ಉಳಿಯಲಿಲ್ಲ. ಊರು ಆ ಮಾತನ್ನು ಎತ್ತಿರಲೂ ಇಲ್ಲ.

“ಸೇತುವೆ ಬೇಡ,” ಎಂದರು ಯಜಮಾನರು.

“ನಡುಭಾಗವನ್ನೇ ತೆಗೆದರೆ ಉಳಿದದ್ದು ಹೇಗೆ ನಿಲ್ಲುತ್ತೆ, ವಾಮನಪ್ಪನವರೇ? ಇಬ್ಬರೂ ಸೇರಿ ಆಗಲ್ಲ ಅಂದುಬಿಡೋಣ,” ಎಂದಳು ನಾಗವೇಣಿ.

ವಾಮನಪ್ಪ “ಹೂಂ” ಎಂದ. ಆಕೆ ಅತ್ತ ಹೋದಳು, ಇತ್ತ ಯಜಮಾನರ ಆಳು ಬಾಗಿಲಿಗೆ ಬಂದು ನಿಂತ. ವಾಮನಪ್ಪ ಕತ್ತರಿಸಿದ. ಯಾರೂ ಹೇಳದಿದ್ದರೂ ಆ ತುಂಡನ್ನು ಸುಟ್ಟೂ ಹಾಕಿದ.

ಮೊದಲ ದಿನ ಊರಿಗೆ ಊರೇ ಬಂದಿತ್ತು. ಇಂಟರ್‌ವಲ್ ಮುಗಿಯಿತು. ಅಷ್ಟು ಹೊತ್ತು ಮೆರೆದವನು ಈಗ ತಲೆ ತಗ್ಗಿಸಿಕೊಂಡು ಅವಳ ಹಿಂದೆ ಬರುತ್ತಿದ್ದ.

“ಏನು ಮಾಡಿದ ಇವನು?” ಎಂದು ಕತ್ತಲಲ್ಲಿ ಒಬ್ಬಾಕೆ ಕೇಳಿದಳು.

“ತೋರಿಸೋಕಾಗದಂಥದ್ದು ಏನೋ ಮಾಡಿದಾನೆ.”

“ಅವಳನ್ನ ತಳ್ಳಿರಬೇಕು.”

ಒಬ್ಬರಾದ ಮೇಲೊಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರತ್ತ ತಿರುಗಿದರು. ವಾರ ಕಳೆಯುವಷ್ಟರಲ್ಲಿ ಊರಲ್ಲೆಲ್ಲ ಅದೇ ಮಾತು: ತಳ್ಳಿದನಂತೆ, ತಳ್ಳಿದನಂತೆ. ಅದು ಸಿನಿಮಾದವನ ಮಾತಾಗಿ ಉಳಿದಿರಲಿಲ್ಲ.

ಎಂಟನೆಯ ದಿನ ಯಜಮಾನರೇ ಟಾಕೀಸಿನ ಪಕ್ಕದ ವಾಮನಪ್ಪನ ಕೋಣೆಗೆ ಬಂದರು. “ಆ ಸೇತುವೇನ ವಾಪಸ್ ಹಾಕು.”

“ಸುಟ್ಟುಬಿಟ್ಟೆ, ಧಣಿ.”

ಯಜಮಾನರು ಬೀದಿಗಿಳಿದರು. ಟಿಕೆಟಿಗೆ ಸಾಲು ನಿಂತವರ ಮುಂದೆ ಕೈ ಮುಗಿದು ಕೂಗಿದರು: “ತಳ್ಳಲಿಲ್ಲ ಕಣ್ರಪ್ಪಾ! ಹೆದರಿ ಓಡಿದ, ಅಷ್ಟೇ! ಓಡಿಹೋದ!”

ನಾಗವೇಣಿ ಅಲ್ಲೇ ಇದ್ದಳು. ಆಕೆ ಯಜಮಾನರ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಾಮನಪ್ಪನನ್ನು ನೋಡಿದಳು. ಅವನು ಹಿಂದೆ ಸರಿದು ಒಳಗಿನಿಂದ ಅಗುಳಿ ಹಾಕಿಕೊಂಡ.

ಹೊರಗೆ ಯಾರೋ ಹೇಳುತ್ತಿದ್ದರು: “ಯಜಮಾನರ ಬಾಯಿಂದಲೇ ನಿಜ ಹೊರಡಿಸಿದನಲ್ಲ! ಆ ಜಾಗದಲ್ಲಿ ಕತ್ತರಿ ಹಾಕಿದವನ ಧೈರ್ಯ ಮೆಚ್ಚಬೇಕಪ್ಪಾ.”

ಸಾಲು ಚಪ್ಪಾಳೆ ತಟ್ಟಿತು.