ಗಾಳಿಮರೆಯ ದಿಬ್ಬ

ಹಳೆಯ ರಾಜನ ಗೋರಿ ಹುಡುಕುತ್ತ ದಿಬ್ಬ ಅಗೆಯಲು ಬಂದವರ ಮೇಲೆ ಜುಮಕಾನನಿಗೆ ಸಿಟ್ಟೇನೂ ಇರಲಿಲ್ಲ. ಕುರಿ ಕಾಯುವವನಿಗೆ ಸತ್ತ ರಾಜರ ಗೊಡವೆ ಯಾಕೆ? ಆದರೆ ಬುಲ್ಡೋಜರಿನ ಮೇಲೆ ಕೂತವನು ತನ್ನ ಸ್ವಂತ ತಮ್ಮ ದೋಸ್ಬೋಲ್. ಅದಕ್ಕೇ ಕುದುರೆಯನ್ನು ಹತ್ತಿರ ತಂದು ಒಂದು ಮಾತು ಹೇಳಿದ.

"ಲೋ, ನಿಮ್ಮ ಮೇಷ್ಟ್ರಿಗೆ ಹೇಳು. ಒಳಗಿರೋ ರಾಜನ್ನ ಬೇಕಾದ್ರೆ ಹೊತ್ಕೊಂಡು ಹೋಗ್ಲಿ. ದಿಬ್ಬಾನ ಮಾತ್ರ ಇಲ್ಲೇ ಬಿಟ್ಟು ಹೋಗ್ಲಿ."

"ದಿಬ್ಬ ತೆಗೀದೆ ರಾಜ ಹೆಂಗೆ ಸಿಗ್ತಾನಣ್ಣ?"

"ತೆಗೀರಿ, ಯಾರು ಬೇಡ ಅಂದ್ರು? ಆಮೇಲೆ ವಾಪಸ್ ಹಾಕಿ. ಹಿಮ ಬೀಳೋದ್ರೊಳಗೆ."

ದೋಸ್ಬೋಲ್ ನಕ್ಕು ಆಗಲಿ ಎಂದ. ಆಗಲಿ ಎನ್ನುವುದು ಅವನಿಗೆ ಯಾವತ್ತೂ ಸಲೀಸು.

ಆ ಹುಲ್ಲುಬಯಲು ಅಂಗೈಯ ಹಾಗೆ ಸಪಾಟು. ದಿನವೆಲ್ಲ ಕುದುರೆ ಓಡಿಸಿದರೂ ಒಂದು ಮರ ಸಿಗದು. ಇದ್ದದ್ದು ಕರ-ಓಬಾ ಎಂದು ಕರೆಯುವ ಈ ಗೋರಿದಿಬ್ಬ ಒಂದೇ. ಚಳಿಗಾಲದಲ್ಲಿ ಬುರಾನ್ ಎದ್ದರೆ ಹಿಮವೂ ಗಾಳಿಯೂ ಒಂದಾಗಿ, ಏರಿ ಕೂತ ಕುದುರೆಯ ಕಿವಿಯೂ ಸವಾರನಿಗೆ ಕಾಣುವುದಿಲ್ಲ. ಬೇರೆಯವರ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ನಡೆಯತೊಡಗುತ್ತವೆ, ಬಿದ್ದು ಸಾಯುವ ತನಕ ನಡೆಯುತ್ತವೆ. ಜುಮಕಾನನ ಮಂದೆ ಹಾಗಲ್ಲ. ಅದರ ಮುಂದಾಳು ಹೋತ ಎಲ್ಲಿದ್ದರೂ ಮಂದೆಯನ್ನು ಕರ-ಓಬಾದ ಮರೆಗೆ ತಂದು ನಿಲ್ಲಿಸುತ್ತಿತ್ತು. ಅಲ್ಲಿ ಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ. ಅವರಪ್ಪನ ಮಂದೆ ಉಳಿದದ್ದೂ ಅಲ್ಲಿಯೇ. ಒಳಗಿದ್ದ ರಾಜ ಯಾರೋ, ಎಂಥವನೋ, ಸತ್ತ ಮೇಲಾದರೂ ಕುರಿ ಕಾಯುತ್ತಿದ್ದ.

ಅಗೆಯುವವರಿಗೆ ಊಟ ತರುತ್ತಿದ್ದವಳು ಜುಮಕಾನನ ಹೆಂಡತಿ ಕುಲ್ಪಾಶ್. ಸೊಸೆಯಾಗಿ ಬಂದವಳು ಅಲ್ಲಿ ಗಂಡನ ಕಡೆಯವರ ಹೆಸರು ಹೇಳುವಂತಿಲ್ಲ, ಚಿಕ್ಕ ಮೈದುನನದ್ದೂ ಸಹ. ಒಬ್ಬೊಬ್ಬರಿಗೂ ಅವಳೇ ಒಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ಹೆಸರು ಹಿಡಿದು ಕರೆಯುವುದೇನಿದ್ದರೂ ಹೊರಗಿನವರನ್ನು. ಅವಳು ಮದುವೆಯಾಗಿ ಬಂದ ದಿನ ತಾಯಿಯಿಲ್ಲದ ಪುಟ್ಟ ಹುಡುಗ ದೋಸ್ಬೋಲ್ ಮದುಮಗಳ ಪರದೆಯೊಳಗೆ ನುಗ್ಗಿ ಅವಳ ಮಡಿಲಲ್ಲೇ ನಿದ್ದೆ ಹೋಗಿದ್ದ. ಅಂದಿನಿಂದ ಅವನು ಅವಳಿಗೆ ಬಿಳಿಮರಿ. ಮೀಸೆ ಬಂದರೂ ಬಿಳಿಮರಿ, ಸೈನ್ಯಕ್ಕೆ ಹೋಗಿ ಬಂದರೂ ಬಿಳಿಮರಿಯೇ.

"ಏ ಬಿಳಿಮರಿ, ಇಳಿದು ಬಾರೋ. ರಾಜ ಎಲ್ಲೂ ಓಡಿಹೋಗಲ್ಲ, ರೊಟ್ಟಿ ಆರಿಹೋಗುತ್ತೆ."

"ಅತ್ತಿಗೆ, ಬಂಗಾರ ಸಿಗ್ಲಿ, ನಿಂಗೆ ಓಲೆ ಮಾಡಿಸ್ತೀನಿ."

"ಸತ್ತೋರ ಕಿವೀದು ನಂಗ್ಯಾಕೋ? ಬರೋ ಹುಡುಗಿಗೆ ಮಾಡಿಸು. ನಿನ್ನ ಮೋರೆ ನೋಡ್ಕೊಂಡೇ ಅವಳು ಹೊಟ್ಟೆ ತುಂಬಿಸ್ಕೋಬೇಕಾ?"

ಆ ವರ್ಷ ದೋಸ್ಬೋಲನ ಮದುವೆ ಗೊತ್ತಾಗಿತ್ತು. ಅವನ ಕೆಲಸವೇನೋ ಚೊಕ್ಕವಾಗಿತ್ತು. ನಡುವೆ ಒಂದು ಮಣ್ಣಿನ ಗೋಡೆ ಉಳಿಸಿ ಎರಡೂ ಬದಿ ತೆಳ್ಳಗೆ ಹೆರೆಯುತ್ತ ಬಂದ. ಅಲ್ಮಾ-ಅತಾ ಪಟ್ಟಣದಿಂದ ಅಗೆತ ನಡೆಸಲು ಬಂದಿದ್ದ ಬೆಕ್ಮುಖಾನ್ ಮೇಷ್ಟ್ರು ಆ ಗೋಡೆಯ ಮಣ್ಣಿನ ಬಣ್ಣ ನೋಡುತ್ತ ಕೂರುತ್ತಿದ್ದರು. ಒಂದು ದಿನ ಅದರಲ್ಲಿ ಓರೆಯಾಗಿ ಇಳಿದ ಕಪ್ಪು ಪಟ್ಟಿ ಕಂಡು ಅವರ ಮುಖ ಬಾಡಿತು. ಅದು ಕಳ್ಳರು ಕೊರೆದ ದಾರಿ. ಯಾವ ಕಾಲದಲ್ಲೋ ಬಂದು, ಎಲ್ಲವನ್ನೂ ಬಳಿದುಕೊಂಡು ಹೋಗಿದ್ದರು. ಗೋರಿಯಲ್ಲಿ ಸಿಕ್ಕಿದ್ದು ತಲೆಯಿಲ್ಲದ ಅಸ್ಥಿ, ಒಂದಿಷ್ಟು ಕುದುರೆಯ ಹಲ್ಲು, ಉಗುರಿನಷ್ಟು ಬಂಗಾರದ ತಗಡು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಹೊರಡುವಾಗ ಮೇಷ್ಟ್ರು ಒಂದು ಪೀಪಾಯಿ ಡೀಸೆಲ್ ಬಿಟ್ಟುಹೋದರು. "ಮಣ್ಣನ್ನ ಮತ್ತೆ ಗುಡ್ಡೆ ಹಾಕಪ್ಪ. ಮೊದಲಿದ್ದಷ್ಟೇ ಎತ್ತರ ಇರಲಿ. ನಿನ್ನ ನಂಬಿ ಹೋಗ್ತಿದೀನಿ."

ದನಕರು ಬೀಳಬಾರದೆಂದು ದೋಸ್ಬೋಲ್ ಅಂದೇ ಗುಂಡಿ ಮುಚ್ಚಿದ. ದಿಬ್ಬದ ಮಣ್ಣು ಮಾತ್ರ ಬಯಲಿನಗಲಕ್ಕೂ ತೆಳ್ಳಗೆ ಹರಡಿಕೊಂಡಿತ್ತು. ಅದನ್ನು ಒಟ್ಟುಗೂಡಿಸುವುದು ಬೇಸರದ ಕೆಲಸ. ಅಷ್ಟರಲ್ಲಿ ಅವನ ಹೊಸ ಮನೆಗೆ ತಳಪಾಯ ಆಗಬೇಕಿತ್ತು, ಬುಲ್ಡೋಜರ್ ಕೈಯಲ್ಲೇ ಇತ್ತು, ಡೀಸೆಲ್ಲೂ ಇತ್ತು.

"ದಿಬ್ಬ ಏನಾಯ್ತೋ?" ಎಂದು ಜುಮಕಾನ್ ಕೇಳಿದ.

"ಮುಂದಿನ ವಾರ ಅಣ್ಣ."

ಹುಲ್ಲು ಕೊಯ್ಲು ಮುಗಿದ ಮೇಲೂ ಕೇಳಿದ. ಆಗಲೂ ಮುಂದಿನ ವಾರವೇ. ಕುಲ್ಪಾಶ್ ಸೊಂಟಕ್ಕೆ ಕೈಕೊಟ್ಟು ನಿಂತಳು. "ಬಿಳಿಮರಿ, ದಿಬ್ಬ ಎತ್ತದೆ ಹೆಣ್ಣು ಕರ್ಕೊಂಡು ಬಂದ್ಯೋ, ನಾನಂತೂ ಬಾಗಿಲು ತೆಗಿಯಲ್ಲ ನೋಡು." ಮೂವರೂ ನಕ್ಕರು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ಅವನ ಮನೆಯಲ್ಲ. ಡೀಸೆಲ್ ಮುಗಿಯಿತು, ಮೊದಲ ಇಬ್ಬನಿ ಹೆಪ್ಪುಗಟ್ಟಿತು, ಸರ್ಕಾರಿ ಫಾರಮ್ಮಿನವರು ಬುಲ್ಡೋಜರನ್ನು ಒಯ್ದು ರಿಪೇರಿಗೆಂದು ಬಿಚ್ಚಿಟ್ಟರು.

ಬುರಾನ್ ಆ ಸಲ ಬೇಗ ಬಂತು. ಬೆಳಿಗ್ಗೆ ಬಿಸಿಲಿತ್ತು, ಜುಮಕಾನ್ ಮಂದೆಯನ್ನು ದೂರ ಹೊಡೆದುಕೊಂಡು ಹೋಗಿದ್ದ. ಮಧ್ಯಾಹ್ನಕ್ಕೆ ಆಕಾಶವೂ ನೆಲವೂ ಒಂದಾದವು. ಬಾಗಿಲು ತೆರೆದರೆ ಬೆಳ್ಳಗಿನ ಗೋಡೆ. ಮಂದೆಯನ್ನು ಬಿಟ್ಟು ಮನೆಗೆ ಓಡಿಬರುವ ಜಾತಿಯಲ್ಲ ಅವನು. ಅದು ದೋಸ್ಬೋಲನಿಗೂ ಗೊತ್ತು, ಕುಲ್ಪಾಶಳಿಗೂ ಗೊತ್ತು. ಇಬ್ಬರೂ ಒಲೆಯ ಎದುರು ಕೂತು ಬೆಂಕಿ ಆರದಂತೆ ನೋಡಿಕೊಂಡರು.

ಮೂರನೆಯ ಬೆಳಿಗ್ಗೆ ಗಾಳಿ ನಿಂತಿತು. ಊರಿನವರು ಕುದುರೆ ಏರಿ ಹೊರಟರು. ಎಲ್ಲರಿಗಿಂತ ಮುಂದಿದ್ದ ದೋಸ್ಬೋಲನಿಗೆ ದೂರದಲ್ಲಿ ಮಂದೆ ಕಂಡಿತು.

"ನಿಂತಿವೆ! ಎಲ್ಲಾ ನಿಂತೇ ಇವೆ!" ಎಂದು ಕೂಗಿದ. ಅಷ್ಟು ಸಂತೋಷ ಅವನಿಗೆ ಜೀವನದಲ್ಲಿ ಆಗಿರಲಿಲ್ಲ.

ನಿಂತೇನೋ ಇದ್ದವು, ಒಂದಕ್ಕೊಂದು ಅಂಟಿ, ಅರ್ಧಚಂದ್ರದ ಹಾಗೆ. ಕರ-ಓಬಾದ ಮರೆಯಲ್ಲಿ ಪ್ರತಿ ಚಳಿಗಾಲ ಹೇಗೆ ನಿಲ್ಲುತ್ತಿದ್ದವೋ ಹಾಗೆಯೇ. ಮುಂದೆ ಹೋತ. ಅದರ ಮುಂದೆ ಏನೂ ಇರಲಿಲ್ಲ, ಬರೀ ಬಯಲು. ಹತ್ತಿರ ಹೋಗಿ ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ. ಪಾಪ, ಇಲ್ಲಿ ಒಂದು ದಿಬ್ಬ ಇದೆ ಎಂದು ಅವು ನಂಬಿದ್ದವು.

ಜುಮಕಾನ್ ಹೋತದ ಪಕ್ಕದಲ್ಲಿ ಗಾಳಿಗೆ ಬೆನ್ನು ಹಾಕಿ, ಚರ್ಮದ ಕೋಟನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಕೂತಿದ್ದ. ಬೆನ್ನ ಹಿಂದೆ ಹಿಮ ಗುಪ್ಪೆಯಾಗಿತ್ತು. ಆ ಕೋಟಿನ ಮರೆಯಲ್ಲಿ ಸಿಕ್ಕಿದ್ದ ಒಂದೆರಡು ಕುರಿ ಇನ್ನೂ ಉಸಿರಾಡುತ್ತಿದ್ದವು.

ಆ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಒಳಗೆ ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಾರೆ, ಗಂಡಸರು ಹೊರಗೆ ಕೋಲೂರಿ ನಿಂತು ಬಂದವರನ್ನು ತಬ್ಬಿಕೊಳ್ಳುತ್ತಾರೆ. ದೋಸ್ಬೋಲ್ ಕೋಲೂರಿ ನಿಂತು ಅತ್ತಿಗೆಯ ಹಾಡಿಗೆ ಕಿವಿಗೊಟ್ಟ. ಅದರಲ್ಲಿ ಗಾಳಿ ಬಂತು, ಹೋತ ಬಂತು, ದೋಸ್ಬೋಲನ ಸುದ್ದಿ ಬರಲಿಲ್ಲ. ಬಂದು ಕೆನ್ನೆಗೆ ಬಾರಿಸಬಾರದೆ, ಶಾಪ ಹಾಕಬಾರದೆ ಎಂದು ಚಳಿಗಾಲವೆಲ್ಲ ಕಾದ. ಅವಳು ಚಹಾ ಬಗ್ಗಿಸಿಕೊಡುತ್ತಿದ್ದಳು, ಬಟ್ಟಲು ಖಾಲಿಯಾದರೆ ತುಂಬುತ್ತಿದ್ದಳು. ಏನೆಂದೂ ಕರೆಯುತ್ತಿರಲಿಲ್ಲ. ಗೊತ್ತಾಗಿದ್ದ ಮದುವೆಯನ್ನು ಅವನೇ ಮುಂದಕ್ಕೆ ಹಾಕಿಸಿದ.

ನೆಲ ಕರಗಿದೊಡನೆ ಅವನು ಬುಲ್ಡೋಜರ್ ಬೇಡಿ ತಂದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದಾನೆ ಎಂದು ಊರವರು ಬೆನ್ನ ಹಿಂದೆ ಆಡಿಕೊಂಡರು, ಅದು ನಿಜವೂ ಹೌದು. ಅವನಿಗೆ ಕೇಳಿಸಲಿಲ್ಲ. ಕತ್ತಲಾಗುವ ತನಕ ಮಣ್ಣು ತಳ್ಳಿದ, ಮರುದಿನವೂ ತಳ್ಳಿದ. ದಿಬ್ಬ ಏರುತ್ತ ಹೋಗಿ, ಮೊದಲಿದ್ದುದಕ್ಕಿಂತ ಒಂದಾಳು ಎತ್ತರವಾಯಿತು.

ಕೆಲಸ ಮುಗಿಯುವ ಹೊತ್ತಿಗೆ ಕುಲ್ಪಾಶ್ ಬರುವುದು ಕಂಡಿತು. ಕಳೆದ ಬೇಸಿಗೆಯಂತೆಯೇ ಕೈಯಲ್ಲಿ ಊಟದ ಗಂಟು. ಇಂಜಿನ್ ನಿಲ್ಲಿಸಿ, ಎಡವುತ್ತ ಇಳಿದು ಓಡಿದ. ಇಂದು ಬೈಯುತ್ತಾಳೆ, ಬೈದು ಅಳುತ್ತಾಳೆ, ಆಮೇಲೆ ಕರೆಯುತ್ತಾಳೆ ಎಂದುಕೊಂಡ.

ಅವಳು ದಿಬ್ಬವನ್ನು ತಲೆಯೆತ್ತಿ ನೋಡಿದಳು. ಗಂಟನ್ನು ಅದರ ಬುಡದಲ್ಲಿಟ್ಟಳು.

"ದೋಸ್ಬೋಲ್," ಎಂದಳು, "ರೊಟ್ಟಿ ತಂದಿದೀನಿ. ಬಿಸಿ ಇರೋವಾಗ್ಲೇ ತಿನ್ನಿ."

ತನ್ನ ಹೆಸರನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿಕೊಂಡು ಬಂದ ಪರವೂರಿನ ಡ್ರೈವರನಿಗೂ ಅವಳು ಅಷ್ಟೇ ಮರ್ಯಾದೆಯಿಂದ ಹೇಳುತ್ತಿದ್ದಳು. ಹೇಳಿ, ಬಂದ ದಾರಿಯಲ್ಲೇ ತಿರುಗಿ ನಡೆದಳು.

ಅವನು ಗಂಟು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತ. ದಿಬ್ಬದ ಆ ಬದಿ ಗಾಳಿ ಜೋರಾಗಿತ್ತು, ಈ ಬದಿ ಒಂದು ಹುಲ್ಲೂ ಅಲುಗುತ್ತಿರಲಿಲ್ಲ.