ದೇವಪ್ಪನ ಕೊನೆಯ ವಂದನಾರ್ಪಣೆ

ದಫೇದಾರ್ ಪುಟ್ಟಯ್ಯ ಜೀಪಿನಿಂದ ಹೂವಿನ ಹಾರ ಇಳಿಸಿದವನೇ ಅದನ್ನು ಹಿಂದೆ ನಿಂತಿದ್ದ ಪೇದೆಯ ಕೈಗೆ ತುರುಕಿದ.

"ನೀನೇ ಹಾಕು ಮಾರಾಯ. ನಾನು ಗಾಡಿ ನೋಡ್ಕೊಳ್ತೀನಿ."

ಬಾಳಗಡಿಯ ಆ ಓಣಿಯಲ್ಲಿ ಪೊಲೀಸ್ ಜೀಪು ಕದಿಯುವ ಧೈರ್ಯ ಯಾರಿಗಿತ್ತು? ಅದೂ ಇಡೀ ಠಾಣೆಯೇ ದೇವಪ್ಪನ ಅಂಗಳದಲ್ಲಿ ಟೋಪಿ ತೆಗೆದು ನಿಂತಿರುವಾಗ. ಪುಟ್ಟಯ್ಯ ಮಾತ್ರ ಜೀಪಿನ ಬಾಗಿಲಿಗೆ ಬೆನ್ನು ಕೊಟ್ಟು ಬೂಟಿನ ತುದಿಯನ್ನೇ ನೋಡುತ್ತಿದ್ದ.

ಅವತ್ತು ಗುರುವಾರ. ಸಂಜೆ ಕೊಪ್ಪದ ಸೇವಾ ಕ್ಲಬ್ಬಿನ ವಾರದ ಸಭೆಗೆ ಠಾಣೆಯವರೇ ಅತಿಥಿಗಳು. ವರ್ಷಕ್ಕೊಂದು ಸಲ ಹೀಗೆ ಪೊಲೀಸರನ್ನು ಕರೆದು ಉಪ್ಪಿಟ್ಟು ಕೊಟ್ಟು ಮಾತಾಡಿಸುವುದು ಕ್ಲಬ್ಬಿನ ಪದ್ಧತಿ. ಆದರೆ ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ, ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದ ದೇವಪ್ಪ, ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.

ಕ್ಲಬ್ಬಿನ ಅಧ್ಯಕ್ಷ ವೀರಪ್ಪ ಬಟ್ಟೆ ಚೀಲ ಹಿಡಿದು ಬಂದ. ಚೀಲದಿಂದ ಹಿತ್ತಾಳೆಯ ಕೈಗಂಟೆಯ ಹಿಡಿ ಇಣುಕುತ್ತಿತ್ತು.

"ಸಾವಿನ ಮನೆಗೆ ಗಂಟೆ ಯಾಕೆ ವೀರಪ್ಪನೋರೆ?" ಎಸ್‌ಐ ಸಾಹೇಬರು ಮೆಲ್ಲಗೆ ಕೇಳಿದರು.

"ಹತ್ತೊಂಬತ್ತು ವರ್ಷದಲ್ಲಿ ಒಂದು ಗುರುವಾರವೂ ಸಭೆ ತಪ್ಪಿಲ್ಲ ಸಾರ್. ತಪ್ಪೋಕೆ ದೇವಪ್ಪನೋರು ಬಿಟ್ಟೋರೇ ಅಲ್ಲ. ನಾವೂ ಇದೀವಿ, ನೀವೂ ಬಂದಿದೀರಿ. ಎತ್ತೋಕೆ ಮುಂಚೆ ಇಲ್ಲೇ ಐದು ನಿಮಿಷದಲ್ಲಿ ಮಾಡಿ ಮುಗಿಸ್ತೀವಿ. ಅವ್ರ ಹೆಂಡ್ತಿ ಸುಲೋಚನಮ್ಮನೂ ಹೂಂ ಅಂದಿದಾರೆ."

ಅದು ಕೇಳಿಸಿ ಪುಟ್ಟಯ್ಯ ಜೀಪಿನ ಮರೆಗೆ ಸರಿದ. ಯಾವ ಸಭೆಯಿಂದ ವರ್ಷ ವರ್ಷವೂ ನಡುವೆಯೇ ಹೊರಗೆ ಜಾರುತ್ತಿದ್ದನೋ, ಅದೇ ಎದ್ದು ಇವನಿದ್ದಲ್ಲಿಗೆ ಬಂದಿತ್ತು.

ದೇವಪ್ಪ ಕ್ಲಬ್ಬಿನಲ್ಲಿ ಅಧ್ಯಕ್ಷನಲ್ಲ, ಕಾರ್ಯದರ್ಶಿಯೂ ಅಲ್ಲ. ಅವನದು ವಂದನಾರ್ಪಣೆ. ಬೇರೆಯವರು ವಂದನಾರ್ಪಣೆಗೆ ಎದ್ದರೆ ಜನ ಚಪ್ಪಲಿ ಹುಡುಕುತ್ತಾರೆ, ದೇವಪ್ಪ ಎದ್ದರೆ ಕೂತೇ ಇರುತ್ತಿದ್ದರು. ಜಮಖಾನ ಹಾಸಿದವನು, ಮೈಕಿನ ವಯರು ಎಳೆದವನು, ಕರೆಂಟು ಹೋಗದ ಹಾಗೆ ನೋಡಿಕೊಂಡ ಲೈನ್‌ಮನ್ನು, ಒಬ್ಬೊಬ್ಬರ ಹೆಸರೂ ಬರುತ್ತಿತ್ತು. ತಮ್ಮ ಹೆಸರು ಮೈಕಿನಲ್ಲಿ ಕೇಳುವುದು ಯಾರಿಗೆ ಬೇಡ?

"ನನ್ನ ಹೆಸ್ರು ಒಂದ್ಸಲ ಬಿಟ್ಟುಹೋಗಿತ್ತು ನೋಡಿ," ಎಂದು ಅಂಗಳದ ಮೂಲೆಯಲ್ಲಿ ಪ್ರೇಮಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸಭೆಗೆ ಉಪ್ಪಿಟ್ಟು ಮಾಡಿ ತರುವವಳು ಅವಳು. "ಮರುದಿನ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಕಮ್ಮರಡಿಗೆ ಬಂದು ನಮ್ಮನೆ ಬಾಗ್ಲಲ್ಲಿ ಕೈ ಮುಗ್ದು ನಿಂತಿದ್ರು. 'ಬಿಟ್ಟುಹೋದ ಹೆಸರು ಹಲ್ಲಿಗೆ ಸಿಕ್ಕಿದ ನಾರಿದ್ದ ಹಾಗೆ ಪ್ರೇಮಕ್ಕ, ತೆಗೆಯೋತಂಕ ನಿದ್ದೆ ಬರೋದಿಲ್ಲ' ಅಂದ್ರು. ಉಪ್ಪಿಟ್ಟಿಗೆ ಇಷ್ಟು ಮರ್ಯಾದೆ ಕೊಟ್ಟೋರು ಇನ್ನೆಲ್ಲಿದಾರೆ?"

ಪುಟ್ಟಯ್ಯ ಕಣ್ಣು ಮುಚ್ಚಿಕೊಂಡ.

*

ಇಪ್ಪತ್ತು ವರ್ಷದ ಹಿಂದೆ ಅವನು ಬೇರೆ ಜಿಲ್ಲೆಯ ಒಂದು ಠಾಣೆಯಲ್ಲಿದ್ದ. ಖಾಕಿ ಹೊಸದು, ರಕ್ತ ಬಿಸಿ. ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚೀಲ ಕಾಣೆಯಾಯಿತೆಂದು, ಪಕ್ಕದಲ್ಲಿ ನಿಂತಿದ್ದ ಪರವೂರಿನ ಒಬ್ಬನನ್ನು ಎಳೆದು ತಂದಿದ್ದರು. ಅಂಗಡಿ ಅಂಗಡಿಗೆ ನೋಟ್‌ಬುಕ್ ಮಾರಿಕೊಂಡು ತಿರುಗುವವನು.

"ನಾನಲ್ಲ ಸಾರ್," ಎಂದ. ಇನ್ನೊಮ್ಮೆ ಅದನ್ನೇ ಎಂದ. ಮೂರನೆಯ ಸಲ ಬಾಯಿ ತೆರೆಯುವ ಮೊದಲೇ ಪುಟ್ಟಯ್ಯನ ಬಲಗೈ ಅವನ ಎಡಕಿವಿಯ ಮೇಲೆ ಬಿದ್ದಿತ್ತು. ಮೇಲಿನವರು ನೋಡುತ್ತಿದ್ದಾರಲ್ಲ ಎಂದು ಇನ್ನೊಂದನ್ನೂ ಬಾರಿಸಿದ.

ಅರ್ಧ ಗಂಟೆಯಲ್ಲಿ ಚೀಲ ಸಿಕ್ಕಿತು. ಕಳುವೇ ಆಗಿರಲಿಲ್ಲ. ಚೀಲದ ಒಡೆಯನೇ ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿ ಮರೆತಿದ್ದ.

"ಕರ್ಕೊಂಡು ಹೋಗಿ ಬಸ್ ಹತ್ಸು," ಎಂದರು ಮೇಲಿನವರು. ದಾರಿಯುದ್ದಕ್ಕೂ ಆ ಮನುಷ್ಯ ಕಿವಿಗೆ ಕರ್ಚೀಫು ಒತ್ತಿಕೊಂಡೇ ನಡೆದ. ಅಂಗಿಯ ಕಾಲರಿಗೆ ರಕ್ತ ಹತ್ತಿತ್ತು. ತಪ್ಪಾಯ್ತು ಅನ್ನಬೇಕೆಂದು ಪುಟ್ಟಯ್ಯ ಎರಡು ಸಲ ಬಾಯಿ ತೆರೆದ. ಖಾಕಿ ತೊಟ್ಟ ಮೇಲೆ ಆ ಮಾತು ಗಂಟಲು ದಾಟುವುದು ಕಷ್ಟ. ಕೊನೆಗೆ ಒಂದು ಚಹಾ ತರಿಸಿ ಅವನ ಕೈಗಿಟ್ಟ, ಅಷ್ಟೆ.

ಅವನು ಕುಡಿದು ಲೋಟ ಕೊಟ್ಟ. "ಸಾರ್, ನಿಮ್ಮ ಹೆಸರೆಂತ?"

ಮೇಲಕ್ಕೆ ದೂರು ಬರೆಯುತ್ತಾನೆ ಎಂದುಕೊಂಡ ಪುಟ್ಟಯ್ಯ. ಆದರೂ ಹೇಳಿದ. ಅವನಿಗೆ ಕೇಳಿಸಲಿಲ್ಲ. ತಲೆ ತಿರುಗಿಸಿ ಬಲಕಿವಿ ಕೊಟ್ಟು ಇನ್ನೊಮ್ಮೆ ಹೇಳಿಸಿಕೊಂಡು ಬಸ್ಸು ಹತ್ತಿದ.

ದೂರು ಬರಲಿಲ್ಲ. ಹದಿನೈದು ವರ್ಷದ ಮೇಲೆ ಕೊಪ್ಪಕ್ಕೆ ವರ್ಗವಾಗಿ ಬಂದು, ಕ್ಲಬ್ಬಿನ ಸಭೆಯಲ್ಲಿ ಕೂತು ಉಪ್ಪಿಟ್ಟಿನ ದಾರಿ ನೋಡುತ್ತಿದ್ದಾಗ ಮೈಕಿನ ಮುಂದೆ ಅದೇ ಮನುಷ್ಯ ನಿಂತಿದ್ದ. "ನಮ್ಮೂರಿಗೆ ಹೊಸದಾಗಿ ಬಂದ ಪುಟ್ಟಯ್ಯನವರಿಗೂ," ಎಂದು ಇವನನ್ನೇ ನೋಡಿ ಕೈ ಮುಗಿದ.

ಆಮೇಲೆ ಪ್ರತಿ ವರ್ಷವೂ ವಂದನಾರ್ಪಣೆ ಶುರುವಾಗುವ ಮೊದಲೇ ಪುಟ್ಟಯ್ಯ ಜೀಪಿನ ಹತ್ತಿರ ಇರುತ್ತಿದ್ದ. ಪ್ರತಿ ವರ್ಷವೂ ದೇವಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದ. "ಹೆಸರು ಹೇಳಿದೆ ದಫೇದಾರ್ರೆ. ನೀವು ಹೊರಗಿದ್ರಿ."

ಇವನು ನನ್ನನ್ನು ಸೂಜಿಯಲ್ಲಿ ಚುಚ್ಚಿ ಚುಚ್ಚಿ ಕೊಲ್ಲುತ್ತಿದ್ದಾನೆ ಎಂದೇ ಪುಟ್ಟಯ್ಯ ತಿಳಿದಿದ್ದ.

*

ವೀರಪ್ಪ ಗಂಟೆ ಬಾರಿಸಿದ. ಅಂಗಳದ ನಡುವೆ ಚಟ್ಟದ ಮೇಲೆ ಮಲಗಿದ್ದ ದೇವಪ್ಪನ ಸುತ್ತ ಒಂದು ನಿಮಿಷ ಎಲ್ಲರೂ ತಲೆ ತಗ್ಗಿಸಿ ನಿಂತರು. ಆಮೇಲೆ ವೀರಪ್ಪ ಜೇಬಿನಿಂದ ಮಡಿಸಿದ ಚೀಟಿ ತೆಗೆದ.

"ಸಂಜೆ ಸಭೆಗೆ ಅಂತ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದ ಅಂಗಿ ಜೇಬಲ್ಲಿ ಇತ್ತು. ರಾತ್ರಿನೇ ಬರೆದಿಟ್ಟಿದಾರೆ." ಕನ್ನಡಕ ಸರಿಮಾಡಿಕೊಂಡು ಓದಿದ. ಜಮಖಾನದವನು ಬಂದ, ಮೈಕಿನವನು ಬಂದ, ಪ್ರೇಮಕ್ಕನ ಹೆಸರಿನ ಕೆಳಗೆ ಎರಡು ಗೆರೆ ಎಳೆದಿತ್ತಂತೆ. ಅವಳು ಗೊಳೋ ಎಂದು ಅತ್ತಳು.

"ಕೊನೆಯದಾಗಿ," ವೀರಪ್ಪನ ದನಿ ನಿಧಾನವಾಯಿತು, "ದಫೇದಾರ್ ಪುಟ್ಟಯ್ಯನವರಿಗೆ, ಹಳೆಯ ಒಂದು ಚಹಾಕ್ಕಾಗಿ. ಈ ಸಲವೂ ಅವರು ಹೊರಗೆ ಹೋಗಿದ್ದರೆ ಯಾರಾದರೂ ಒಳಗೆ ಕರೆಯಿರಿ."

ಎಲ್ಲರೂ ಜೀಪಿನ ಕಡೆ ತಿರುಗಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಪುಟ್ಟಯ್ಯ ಬೂಟು ಬಿಚ್ಚಿಟ್ಟು ಅಂಗಳಕ್ಕೆ ಬಂದ.

ದೇವಪ್ಪನ ಹೆಂಡತಿ ಸುಲೋಚನಮ್ಮ ಗೋಡೆ ಹಿಡಿದು ಎದ್ದಳು. "ಆ ಪೊಲೀಸು ನೀವೇಯಾ? ಊರಲ್ಲದ ಊರಲ್ಲಿ ಜ್ವರ ಬಂದು ಕಿವಿ ಸೋರ್ತಿತ್ತಂತೆ. ಗುರುತಿಲ್ಲದ ಒಬ್ಬ ಪೊಲೀಸು ಚಾ ಕುಡ್ಸಿ ಬಸ್ ಹತ್ತಿಸಿದ್ರಂತೆ. ಮಕ್ಕಳಿಗೆ ಅದನ್ನ ಎಷ್ಟು ಸಲ ಹೇಳಿದಾರೋ! ಅದಕ್ಕೇ ತಾನೆ, ವರ್ಷಕ್ಕೊಂದ್ಸಲ ಪೊಲೀಸ್ನೋರನ್ನ ಕರೀಲೇಬೇಕು ಅಂತ ಕ್ಲಬ್ಬಲ್ಲಿ ಹಟ ಹಿಡಿದಿದ್ದು. ಹೆಸರು ಮಾತ್ರ ಯಾರಿಗೂ ಹೇಳ್ಲಿಲ್ಲ." ಆಕೆ ಅಷ್ಟು ಜನರ ನಡುವೆ ಅವನಿಗೆ ಕೈ ಮುಗಿದಳು.

ಪುಟ್ಟಯ್ಯ ಠಾಣೆಯಲ್ಲಿ ಎಂಥೆಂಥವರನ್ನೋ ನೋಡಿದ್ದ, ದೇವಪ್ಪನಂಥವನನ್ನು ಕಂಡಿರಲಿಲ್ಲ. ಬಸ್ಸು, ಚಹಾ, ಸೋರುವ ಕಿವಿ, ಎಲ್ಲವನ್ನೂ ಹೇಳಿದ್ದ. ಏಟೊಂದನ್ನು ಮಾತ್ರ ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿ ಪಕ್ಕಕ್ಕಿಟ್ಟಿದ್ದ. ಕಟ್ಟಿಕೊಂಡ ಹೆಂಡತಿಗೂ ಹೇಳದೆ, ಇಪ್ಪತ್ತು ವರ್ಷ. ಝೆರಾಕ್ಸ್ ಅಂಗಡಿಯ ಈ ಸಣ್ಣ ಮನುಷ್ಯನ ಮುಂದೆ ಪುಟ್ಟಯ್ಯನಿಗೆ ದೇವರ ಮುಂದೆ ನಿಂತ ಹಾಗೆ ಭಯವಾಯಿತು.

ಅವಳ ನಮಸ್ಕಾರಕ್ಕೆ ತಿರುಗಿ ಕೈ ಮುಗಿದಿದ್ದರೆ ಸಾಕಿತ್ತು. ಇವನನ್ನು ಬಿಟ್ಟರೆ ಸತ್ಯ ತಿಳಿದ ಇನ್ನೊಬ್ಬನು ಚಟ್ಟದ ಮೇಲಿದ್ದ.

"ಕೈ ಇಳಿಸಿ ಅಮ್ಮಾ," ಎಂದ ಪುಟ್ಟಯ್ಯ. "ಜ್ವರ ಅಲ್ಲ ಅದು. ಆ ಕಿವಿ ಹೋಗಿದ್ದು ಈ ಕೈಯಿಂದ. ಅವ್ರು ಏನೂ ತಪ್ಪು ಮಾಡಿರ್ಲಿಲ್ಲ."

ಬಲಗೈಯನ್ನು ಮುಂದೆ ಹಿಡಿದು ನಿಂತ. ಎಸ್‌ಐ ಸಾಹೇಬರು ನೆಲ ನೋಡಿದರು. ಮಗ ಅರುಣ ಮುಷ್ಟಿ ಬಿಗಿದು ಮುಂದೆ ಬಂದ, ಸುಲೋಚನಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. ಆ ಕೈಯನ್ನು ಬಹಳ ಹೊತ್ತು ನೋಡಿದಳು.

"ನಂಗ್ಯಾಕೆ ಹೇಳ್ತೀರಿ?" ಅವಳು ಚಟ್ಟದ ಕಡೆ ಕೈ ತೋರಿಸಿದಳು. "ಇನ್ನೂ ಎತ್ತಿಲ್ಲ. ಹೋಗಿ ಅವ್ರಿಗೆ ಹೇಳಿ."

ತುಳಸಿ ನೀರಿನ ತಂಬಿಗೆಯನ್ನು ಅವನ ಮುಂದೆ ಇಟ್ಟಳು. ಬಾಯಿಗೆ ನೀರು ಬಿಡುವವರ ಸಾಲು ದೇವಪ್ಪನ ಎಡಕ್ಕೆ ನಿಂತಿತ್ತು. ಪುಟ್ಟಯ್ಯ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ತುಳಸಿದಳದಿಂದ ಒಂದು ಹನಿ ಬಿಟ್ಟು, ಕಿವಿಯ ಹತ್ತಿರ ಬಗ್ಗಿದ. ಬಾಯಿ ತೆರೆದ. ತಟ್ಟನೆ ನೆನಪಾಗಿ ನೆಟ್ಟಗಾದ.

ಕಾಲಿನ ಕಡೆಯಿಂದ ಚಟ್ಟವನ್ನು ಸುತ್ತಿಕೊಂಡು ಬಲಗಡೆಗೆ ಹೋದ. ಅಲ್ಲಿ ಮಣ್ಣಿಗೆ ಮೊಣಕಾಲೂರಿ ಬಲಕಿವಿಗೆ ಬಾಯಿ ಹಚ್ಚಿದ.

ಸಭೆ ಮುಗಿಯಿತೆಂದು ಬಾರಿಸಲು ವೀರಪ್ಪ ಗಂಟೆ ಎತ್ತಿದ್ದ. ಪುಟ್ಟಯ್ಯನ ತುಟಿ ಇನ್ನೂ ಅಲ್ಲಾಡುತ್ತಿರುವುದನ್ನು ಕಂಡು, ಗಂಟೆಯ ನಾಲಿಗೆಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ.